ಹಳೆಯ ಕಾಗದಗಳೂ ಜನತೆಯ ಚರಿತ್ರೆಯೂ

ಒಂದು ನಾಡಿನ ಜನರು ತಮ್ಮ ಅರಸರ ಹೆಸರುಗಳನ್ನೂ ಯುದ್ಧಗಳ ತೇದಿಗಳನ್ನೂ ಬಾಯಿಪಾಠ ಮಾಡಿಕೊಂಡಿದ್ದ ಮಾತ್ರಕ್ಕೆ ಅವರು ತಮ್ಮ ಚರಿತ್ರೆಯನ್ನು ಬಲ್ಲರೆಂದು ಹೇಳಲಾಗದು. ಆ ಅರಸರ ಕಾಲದಲ್ಲಿ ಹೊಲ ಉತ್ತವರು ಯಾರು, ಕೆರೆಯ ಏರಿಗೆ ಮಣ್ಣು ಹೊತ್ತವರು ಯಾರು, ಕಂದಾಯ ತೆತ್ತವರು ಯಾರು, ತೆರಲಾರದೆ ಊರು ಬಿಟ್ಟವರು ಯಾರು ಎಂಬುದು ತಿಳಿಯದ ಹೊರತು ಆ ಜ್ಞಾನವು ಅರ್ಧಜ್ಞಾನವೇ ಸರಿ. ೧೯೧೭ರಲ್ಲಿ ಆಲೂರು ವೆಂಕಟರಾಯರು ‘ಕರ್ನಾಟಕ ಗತವೈಭವ’ವನ್ನು ಪ್ರಕಟಿಸಿ, ಮೈಮರೆತಿದ್ದ ಕನ್ನಡಿಗರನ್ನು ಎಚ್ಚರಿಸಿದರು. ಹಿಂದಿನ ರಾಜ್ಯಗಳ ಕೀರ್ತಿಯನ್ನು ಆ ಕಾಲಕ್ಕೆ ಹೇಳಲೇಬೇಕಾಗಿದ್ದಿತು. ೧೯೫೬ರ ಏಕೀಕರಣಕ್ಕೆ ಆ ಎಚ್ಚರವೂ ಒಂದು ಬೀಜವಾಯಿತು. ಒಂದಾದ ನಾಡಿಗೆ ಈಗ ಬೇಕಾಗಿರುವುದು ಉಳಿದರ್ಧ, ಎಂದರೆ ಸಾಮಾನ್ಯ ಜನರ ಬಾಳಿನ ಚರಿತ್ರೆ. ಅದರ ಸಾಮಗ್ರಿಯು ಬಹುಮಟ್ಟಿಗೆ ಕಚೇರಿಗಳ ದಫ್ತರಗಳಲ್ಲಿ, ರುಮಾಲಿನಲ್ಲಿ ಕಟ್ಟಿಟ್ಟ ಕಾಗದಗಳಲ್ಲಿ ಇರುತ್ತದೆ. ಆ ಕಾಗದಗಳ ಗತಿಯೇನು ಎಂಬ ಪ್ರಶ್ನೆಯನ್ನು ವಾಚಕರ ಮುಂದೆಯೂ ಅಧಿಕಾರಿಗಳ ಮುಂದೆಯೂ ಇಡುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ಈ ಪ್ರಶ್ನೆಯನ್ನು ಈಗಲೇ ಎತ್ತುವುದಕ್ಕೆ ಕಾರಣವುಂಟು. ೨೦೨೫ರ ಸೆಪ್ಟೆಂಬರಿನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ಹೋಗಿ, ಅದರ ಸ್ಥಾನದಲ್ಲಿ ಐದು ನಗರಪಾಲಿಕೆಗಳು ಬಂದಿವೆ. ಕಚೇರಿಯೊಂದು ಪಾಲಾದಾಗ ಮೇಜು ಕುರ್ಚಿಗಳಿಗೆ ಪಟ್ಟಿಯಾಗುತ್ತದೆ, ನೌಕರರ ಹಂಚಿಕೆಗೆ ಆಜ್ಞೆಯಾಗುತ್ತದೆ. ನಡೆಯುತ್ತಿರುವ ಕಡತಗಳನ್ನು ಎಲ್ಲರೂ ಕೇಳಿ ಪಡೆಯುತ್ತಾರೆ. ಮುಗಿದುಹೋದ ಕಡತಗಳಿಗೆ ಮಾತ್ರ ವಾರಸುದಾರರಿರುವುದಿಲ್ಲ. ಈ ನಗರಕ್ಕೆ ಇಂತಹ ಮಾರ್ಪಾಡು ಹೊಸದಲ್ಲ. ೧೮೬೨ರಲ್ಲಿ ಪೇಟೆಗೊಂದು, ದಂಡಿಗೊಂದು ಹೀಗೆ ಎರಡು ಪುರಸಭೆಗಳು ಹುಟ್ಟಿದವು. ೧೯೪೯ರಲ್ಲಿ ಅವೆರಡೂ ಸೇರಿ ಒಂದೇ ಕಾರ್ಪೊರೇಷನ್ ಆಯಿತು. ೧೯೪೫ರಲ್ಲಿ ಏರ್ಪಟ್ಟ ನಗರಾಭಿವೃದ್ಧಿ ಟ್ರಸ್ಟ್ ಮಂಡಲಿಯು ೧೯೭೬ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದಲ್ಲಿ ಲೀನವಾಯಿತು. ೨೦೦೭ರಲ್ಲಿ ಏಳು ನಗರಸಭೆಗಳನ್ನೂ ಒಂದು ಪುರಸಭೆಯನ್ನೂ ನೂರಕ್ಕೆ ಮೇಲ್ಪಟ್ಟ ಹಳ್ಳಿಗಳನ್ನೂ ನಗರಕ್ಕೆ ಸೇರಿಸಲಾಯಿತು. ಪ್ರತಿಸಲವೂ ಕಾಗದಗಳು ಒಂದು ಅಟ್ಟದಿಂದ ಇನ್ನೊಂದು ಅಟ್ಟಕ್ಕೆ ಹೋಗಬೇಕಾಗುತ್ತದೆ. ದಾರಿಯಲ್ಲಿ ಎಷ್ಟು ಉದುರುವುವು ಎಂಬುದನ್ನು ಕಚೇರಿಯ ಅನುಭವವಿರುವ ವಾಚಕರಿಗೆ ನಾವು ವಿವರಿಸಬೇಕಾದುದಿಲ್ಲ.

ದೃಷ್ಟಾಂತಕ್ಕಾಗಿ ನಗರದ ಪಶ್ಚಿಮಕ್ಕಿರುವ ಮಹಾಲಕ್ಷ್ಮಿ ಲೇಔಟನ್ನೇ ತೆಗೆದುಕೊಳ್ಳೋಣ. ನೇರವಾದ ಬೀದಿಗಳು, ವೀರಾಂಜನೇಯಸ್ವಾಮಿಯ ಎತ್ತರವಾದ ವಿಗ್ರಹವಿರುವ ಪ್ರಸಿದ್ಧ ದೇವಾಲಯ, ೨೦೧೪ರಿಂದ ಅದರ ಹೆಸರನ್ನು ಹೊತ್ತ ಮೆಟ್ರೋ ನಿಲ್ದಾಣ, ೨೦೦೮ರಿಂದ ಅದೇ ಹೆಸರಿನ ವಿಧಾನಸಭಾ ಕ್ಷೇತ್ರ, ಇವೆಲ್ಲ ಅಲ್ಲಿ ಉಂಟು. ಅಲ್ಲಿ ಮೊದಲು ನಿವೇಶನ ಪಡೆದವರ ಮೊಮ್ಮಕ್ಕಳು ಇಂದು ಅದೇ ಮನೆಗಳ ಮೇಲೆ ಮಹಡಿ ಎಬ್ಬಿಸುತ್ತಿದ್ದಾರೆ. ಮನೆ ಕಟ್ಟುವ ಮೊದಲು ಈ ಸ್ಥಳದಲ್ಲಿ ಏನಿದ್ದಿತು ಎಂದು ಅವರನ್ನು ಕೇಳಿದರೆ, “ಏನೋ ಹೊಲವಿತ್ತಂತೆ” ಎಂಬ ಉತ್ತರ ಬರುತ್ತದೆ. ಯಾರ ಹೊಲ, ಅದರಲ್ಲಿ ಏನು ಬೆಳೆಯುತ್ತಿತ್ತು, ಬಿಟ್ಟುಹೋದವರು ಎಲ್ಲಿಗೆ ಹೋದರು ಎಂಬ ಪ್ರಶ್ನೆಗಳಿಗೆ ಉತ್ತರವಿಲ್ಲ. ಸುತ್ತಲೂ ಕೇತಮಾರನಹಳ್ಳಿ, ಕುರುಬರಹಳ್ಳಿ, ಲಗ್ಗೆರೆ, ಯಶವಂತಪುರಗಳೆಂಬ ಹೆಸರುಗಳು ಬಸ್ಸುಗಳ ಫಲಕಗಳಲ್ಲಿ ಇನ್ನೂ ಉಳಿದಿವೆ. ಕುರುಬರಹಳ್ಳಿಯೆಂಬ ಹೆಸರೊಂದೇ ಆ ನೆಲದಲ್ಲಿ ಯಾವ ಜನರು ನೆಲೆಸಿದ್ದರೆಂಬುದನ್ನು ಸೂಚಿಸುತ್ತದೆ. ಹೆಸರಿನಿಂದಾಚೆಗೆ ತಿಳಿಯಬೇಕಾದರೆ ಕಾಗದವನ್ನೇ ಬಿಚ್ಚಬೇಕು.

ಬಿಚ್ಚಿದರೆ ತಿಳಿಯಬಹುದಾದುದು ಅಲ್ಪವೇನಲ್ಲ. ಬಡಾವಣೆಗಳಿಗಾಗಿ ಹಳ್ಳಿಯ ಭೂಮಿಯನ್ನು ತೆಗೆದುಕೊಳ್ಳುವಾಗ ಸರಕಾರದವರು ಅನುಸರಿಸುತ್ತಿದ್ದ ಕ್ರಮವು ೧೮೯೪ರ ಭೂಸ್ವಾಧೀನ ಕಾನೂನಿನ ಮಾದರಿಯದು. ಮೊದಲು ಪ್ರಕಟಣೆ, ಅನಂತರ ತಕರಾರುಗಳ ವಿಚಾರಣೆ, ಕೊನೆಗೆ ಪರಿಹಾರದ ಐತೀರ್ಪು. ಐತೀರ್ಪಿಗೆ ಮುಂಚೆ ಜಮೀನಿನ ಬೆಲೆಯಲ್ಲದೆ ಅದರಲ್ಲಿ ನಿಂತಿರುವ ಪೈರು, ಮರಗಳ ನಷ್ಟವನ್ನೂ ಅಧಿಕಾರಿಯು ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂಬುದು ಆ ಕಾನೂನಿನ ವಿಧಿ. ಆದಕಾರಣ ಇಂತಹ ಕಡತದೊಳಗೆ ಸರ್ವೆ ನಂಬರು, ಖಾತೆದಾರನ ಹೆಸರು, ಖುಷ್ಕಿಯೋ ತರಿಯೋ ಬಾಗಾಯಿತೋ ಎಂಬ ವಿವರ, ಬಾವಿ, ಮರ, ಅಣ್ಣತಮ್ಮಂದಿರ ಪಾಲಿನ ವ್ಯಾಜ್ಯ, ಗಂಡ ಸತ್ತ ಹೆಂಗಸಿನ ಹಕ್ಕಿನ ಮನವಿ, ಹೆಬ್ಬೆಟ್ಟಿನ ಗುರುತು, ಇವೆಲ್ಲ ಸೇರುತ್ತವೆ. ಪರಿಹಾರದ ಹಣ ಪಾವತಿಯಾದ ದಿನ ಕಚೇರಿಯ ದೃಷ್ಟಿಯಲ್ಲಿ ಈ ಕಡತವು ಮುಗಿಯಿತು. ಚರಿತ್ರೆಯನ್ನು ಬರೆಯುವವನ ಕೆಲಸ ಅಂದಿನಿಂದ ಆರಂಭವಾಗುತ್ತದೆ. ಒಂದು ಹಳ್ಳಿಯ ಇಂತಹ ಎಲ್ಲ ಕಡತಗಳನ್ನು ಸಾಲಾಗಿ ಇಟ್ಟರೆ, ಆ ಹಳ್ಳಿಯ ಭೂಮಿ ಯಾವ ಯಾವ ಜಾತಿಯವರ ಕೈಯಲ್ಲಿದ್ದಿತು, ಎಷ್ಟು ತುಂಡಾಗಿದ್ದಿತು, ಬೇಸಾಯ ಯಾವುದು ಎಂಬ ಚಿತ್ರವು ಸ್ಪಷ್ಟವಾಗಿ ಮೂಡುತ್ತದೆ. ಇನಾಂ ಗ್ರಾಮಗಳಾಗಿದ್ದರೆ, ೧೯೫೪ರ ಇನಾಂ ರದ್ದಿಯಾತಿ ಕಾನೂನಿನ ಮೇರೆಗೆ ಗೇಣಿದಾರರು ಕೊಟ್ಟ ಅರ್ಜಿಗಳಿಂದ, ಇನಾಂದಾರನ ಹೆಸರಿನಲ್ಲಿದ್ದ ಭೂಮಿಯನ್ನು ನಿಜವಾಗಿ ಉಳುತ್ತಿದ್ದವರು ಯಾರೆಂಬುದೂ ತಿಳಿದುಬರುತ್ತದೆ.

ಕಾಗದವು ಉಳಿಯದೆ ಹೋದರೆ ಏನಾಗುವುದೆಂಬುದನ್ನು ತಿಳಿಯಲು ಪಕ್ಕದ ಮಲ್ಲೇಶ್ವರಕ್ಕೆ ಹೋದರೆ ಸಾಕು. ಅಲ್ಲಿಯ ಕಾಡುಮಲ್ಲೇಶ್ವರನಿಗೆ ಸಂಬಂಧಪಟ್ಟ ೧೬೬೯ರ ಶಾಸನವೊಂದು, ಶಿವಾಜಿಯ ತಮ್ಮನಾದ ಏಕೋಜಿಯು ಮೇದರನಿಂಗನಹಳ್ಳಿಯೆಂಬ ಗ್ರಾಮವನ್ನು ದೇವರಿಗೆ ಬಿಟ್ಟುಕೊಟ್ಟುದನ್ನು ಹೇಳುತ್ತದೆ. ಇಂದು ನಗರದ ವಿಳಾಸಗಳಲ್ಲಿ ಆ ಹೆಸರಿನ ಹಳ್ಳಿ ಕಾಣಿಸದು. ಬಿದಿರು ಹೆಣೆಯುವ ಮೇದರ ಕುಲದ ನಿಂಗನೊಬ್ಬನ ಹೆಸರಿನಲ್ಲಿ ಊರೊಂದು ಇದ್ದಿತೆಂಬ ಸಂಗತಿಯು, ಕಲ್ಲಿನಲ್ಲಿ ಕೊರೆದಿದ್ದರಿಂದ ಮಾತ್ರ ನಮ್ಮ ಪಾಲಿಗೆ ಉಳಿಯಿತು. ದಾನ ಕೊಟ್ಟವನ ವಂಶವೃಕ್ಷವನ್ನು ಎಷ್ಟೋ ಗ್ರಂಥಗಳು ಹೇಳುತ್ತವೆ. ನಿಂಗನು ಯಾರು, ಅವನ ಜನರು ಬಿದಿರನ್ನು ಎಲ್ಲಿಂದ ತರುತ್ತಿದ್ದರು, ಗ್ರಾಮವು ದೇವಸ್ಥಾನಕ್ಕೆ ಸೇರಿದ ಮೇಲೆ ಅವರ ತೆರಿಗೆಯ ಹೊರೆ ಹೆಚ್ಚಿತೋ ತಗ್ಗಿತೋ, ಇದನ್ನು ಹೇಳಬಲ್ಲ ಲೆಕ್ಕಪತ್ರವು ನಮ್ಮ ಮುಂದಿಲ್ಲ. ಅಂದಿನವರಿಗಾದರೂ ಕಾಗದವನ್ನು ಕಾಪಾಡುವ ಸಾಧನಗಳು ಕಡಮೆಯಾಗಿದ್ದವೆಂಬ ಸಮಾಧಾನವುಂಟು. ನಮಗೆ ಆ ನೆಪವೂ ಇಲ್ಲ.

ಬೆಂಗಳೂರೆಂಬ ಹೆಸರಿನ ಅತಿಪ್ರಾಚೀನ ಲೇಖನವೆಂದು ವಿದ್ವಾಂಸರು ತೋರಿಸುವ ಬೇಗೂರಿನ ಕಲ್ಲನ್ನೂ ಇಲ್ಲಿ ನೆನೆಯಬೇಕು. ಸುಮಾರು ಕ್ರಿ. ಶ. ೮೯೦ರದೆಂದು ಎಣಿಸಲಾದ ಆ ವೀರಗಲ್ಲು ಹೇಳುವುದು ಚಕ್ರವರ್ತಿಯ ದಿಗ್ವಿಜಯವನ್ನಲ್ಲ. ನಾಗತ್ತರನೆಂಬ ಅಧಿಕಾರಿಯ ಮನೆಯ ಆಳಾಗಿದ್ದ ಪೆರ್ವೊಣಸೆಟ್ಟಿಯು ಬೆಂಗಳೂರಿನ ಕಾಳಗದಲ್ಲಿ ಮಡಿದುದನ್ನು. ಈ ಮಹಾನಗರದ ಚರಿತ್ರೆಯ ಮೊದಲನೆಯ ಸಾಲಿನಲ್ಲಿಯೇ ಮನೆಯಾಳೊಬ್ಬನ ಹೆಸರಿರುವುದು ನಮಗೆ ಅಭಿಮಾನದ ವಿಷಯವಾಗಬೇಕು. ಇಂತಹ ಕಲ್ಲುಗಳನ್ನು ಹುಡುಕಿ ಓದುವ ಕೆಲಸವನ್ನು ಮೈಸೂರು ಸಂಸ್ಥಾನವು ಬಹು ಹಿಂದೆಯೇ ಕೈಗೊಂಡಿತು. ೧೮೮೫ರಲ್ಲಿ ಪ್ರಾಚ್ಯವಸ್ತು ಇಲಾಖೆಯು ಹುಟ್ಟಿತು. ಅದರ ಮರುವರ್ಷದಿಂದ ಸುಮಾರು ಇಪ್ಪತ್ತು ವರ್ಷಗಳಲ್ಲಿ ಬಿ. ಎಲ್. ರೈಸ್ ಅವರು ಎಪಿಗ್ರಾಫಿಯ ಕರ್ನಾಟಿಕದ ಹನ್ನೆರಡು ಸಂಪುಟಗಳನ್ನು ಹೊರಡಿಸಿದರು. ಅವರ ತರುವಾಯ ಆರ್. ನರಸಿಂಹಾಚಾರ್ಯರು ಆ ಕಾರ್ಯವನ್ನು ಮುಂದುವರಿಸಿದರು. ಗಾಳಿಮಳೆಗೆ ಅಂಜದ ಕಲ್ಲಿಗೆ ಇಷ್ಟು ಆರೈಕೆ ದೊರೆತಿರುವಾಗ, ಗೆದ್ದಲಿಗೆ ಒಂದೇ ಮಳೆಗಾಲದ ತುತ್ತಾಗುವ ಕಾಗದಕ್ಕೆ ಎಷ್ಟು ಆರೈಕೆ ಬೇಕು? ೧೯೭೩ರಲ್ಲಿ ಪ್ರತ್ಯೇಕ ಇಲಾಖೆಯಾದ ರಾಜ್ಯ ಪತ್ರಾಗಾರವು ಈ ಕೆಲಸವನ್ನು ಮಾಡುತ್ತಿದೆ, ನಿಜ. ಆದರೆ ಪತ್ರಾಗಾರವು ತನ್ನ ಬಾಗಿಲಿಗೆ ಬಂದ ಕಾಗದವನ್ನು ಕಾಪಾಡಬಲ್ಲುದೇ ಹೊರತು, ಕಳುಹಿಸಬೇಕಾದ ಕಚೇರಿಯವರು ರದ್ದಿಗೆ ಹಾಕಿದುದನ್ನು ಮರಳಿ ತರಲಾರದು.

ಸರಕಾರಿ ಕಚೇರಿಗಳ ಹೊರಗೆ ಇರುವ ಸಾಮಗ್ರಿಯೂ ಹೇರಳವಾಗಿದೆ. ನಮ್ಮ ಹಿರಿಯರು ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲ ಪುಡಿಯನ್ನೂ ಬಳಿದು, ಮಡಿಸಿ, ಅದರ ಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದ ಕಡತವೇ ಇಂದಿನ ಕಚೇರಿಯ ಕಡತಕ್ಕೆ ಹೆಸರು ಕೊಟ್ಟಿತು. ಶೃಂಗೇರಿ ಮಠದಲ್ಲಿ ಉಳಿದಿದ್ದ ಇಂತಹ ಕಡತ, ನಿರೂಪಗಳ ಬೆಲೆಯು ೧೯೧೬ರಲ್ಲಿ ನರಸಿಂಹಾಚಾರ್ಯರು ಅವುಗಳನ್ನು ಪರಿಶೀಲಿಸಿದಾಗ ಲೋಕಕ್ಕೆ ತಿಳಿಯಿತು. ೧೭೯೧ರಲ್ಲಿ ಮರಾಠಾ ದಂಡಿನವರು ಮಠವನ್ನು ಸೂರೆ ಮಾಡಿದ ಬಳಿಕ ಟೀಪು ಸುಲ್ತಾನನು ಸ್ವಾಮಿಗಳಿಗೆ ಬರೆದ ಪತ್ರಗಳು ಹೊರಬಿದ್ದು, ಅದುವರೆಗೆ ನಂಬಿದ್ದ ಎಷ್ಟೋ ಮಾತುಗಳನ್ನು ಜನರು ಮತ್ತೆ ಯೋಚಿಸುವಂತಾಯಿತು. ಮಠದಲ್ಲಿ ಕಾಯುವವರಿದ್ದರು, ಉಳಿಯಿತು. ಹಳ್ಳಿಯ ಶಾನುಭೋಗರ ಮನೆಯ ಅಟ್ಟಕ್ಕೆ ಆ ಭಾಗ್ಯವಿಲ್ಲ. ೧೯೬೧ರ ಕಾನೂನು ೧೯೬೩ರಲ್ಲಿ ಜಾರಿಗೆ ಬಂದು ವಂಶಪಾರಂಪರ್ಯದ ಗ್ರಾಮಾಧಿಕಾರವು ರದ್ದಾದಾಗ, ಅಧಿಕಾರವನ್ನು ಒಪ್ಪಿಸಿಕೊಳ್ಳುವ ಏರ್ಪಾಡಿದ್ದಷ್ಟು ಬಿಗಿಯಾಗಿ ಹಳೆಯ ಲೆಕ್ಕಗಳನ್ನು ಒಪ್ಪಿಸಿಕೊಳ್ಳುವ ಏರ್ಪಾಡು ಇರಲಿಲ್ಲ. ಉಳಿದಿರುವುದರಲ್ಲಿಯೂ ಕೆಲವು ಮೋಡಿ ಲಿಪಿಯಲ್ಲಿವೆ. ಮೋಡಿಯನ್ನು ಸರಾಗವಾಗಿ ಓದಬಲ್ಲವರ ಸಂಖ್ಯೆ ವರ್ಷವರ್ಷಕ್ಕೆ ಕ್ಷೀಣಿಸುತ್ತಿದೆ. ಓದುವವರು ತೀರಿಹೋದ ಮೇಲೆ ಕಾಗದವಿದ್ದೂ ಇಲ್ಲದಂತೆಯೇ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳುವುದು ಅವಶ್ಯ. ಕಚೇರಿಯ ಕಾಗದವು ಕಚೇರಿಯ ಕಣ್ಣಿನಿಂದಲೇ ಲೋಕವನ್ನು ನೋಡುತ್ತದೆ. ಅದರಲ್ಲಿ ಖಾತೆದಾರನ ಹೆಸರುಂಟು, ಅವನ ಹೊಲದಲ್ಲಿ ದುಡಿದ ಜೀತದಾಳಿನ ಹೆಸರಿಲ್ಲ. ಪರಿಹಾರ ಪಡೆದವನ ರಸೀತಿಯುಂಟು, ಬೀಳುಭೂಮಿಯಲ್ಲಿ ಕುರಿ ಮೇಯಿಸುತ್ತಿದ್ದವನ ಮಾತಿಲ್ಲ. ಹೆಂಗಸರೂ ದಲಿತರೂ ಅಲ್ಲಿ ಎಣಿಕೆಗೆ, ದಂಡಕ್ಕೆ, ನಿಷೇಧಕ್ಕೆ ಒಳಗಾದವರಾಗಿ ಕಾಣಿಸುವರು. ತಮ್ಮ ಬಾಯಿಂದ ಮಾತಾಡುವುದು ಅಪೂರ್ವ. ಆದುದರಿಂದ ಆಜ್ಞೆಯೊಂದನ್ನೇ ಓದಿ ತೃಪ್ತಿಪಡದೆ, ಆಜ್ಞೆಗೆ ಮುಂಚಿನ ಅರ್ಜಿಯನ್ನೂ ಓದಬೇಕು. ಮೈಸೂರು ಸರಕಾರದವರು ೧೮೯೪ರಲ್ಲಿ ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ಮದುವೆಯನ್ನೂ, ಐವತ್ತು ಮೀರಿದ ಗಂಡಸರು ಹದಿನಾಲ್ಕು ತುಂಬದ ಹುಡುಗಿಯರನ್ನು ಮದುವೆಯಾಗುವುದನ್ನೂ ನಿಷೇಧಿಸಿದರು. ೧೯೦೯ರಲ್ಲಿ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿದರು. ಸುಧಾರಣೆಯ ಈ ಆಜ್ಞೆಗಳನ್ನು ನಾವೆಲ್ಲರೂ ಕೊಂಡಾಡುತ್ತೇವೆ, ಕೊಂಡಾಡತಕ್ಕವೇ. ಆದರೆ ನಂಜನಗೂಡಿನ ದೇವದಾಸಿಯರು ತಮ್ಮ ವಂಶಪಾರಂಪರ್ಯದ ಸೇವೆಯ ಹಕ್ಕನ್ನು ಕುರಿತು ಸರಕಾರಕ್ಕೆ ಮೊರೆಯಿಟ್ಟಿದ್ದರೆಂಬುದು ಮುಜರಾಯಿ ಕಡತಗಳಿಂದ ತಿಳಿಯುತ್ತದೆ. ಪದ್ಧತಿಯನ್ನು ಖಂಡಿಸುವವರೂ ಆ ಮೊರೆಯನ್ನು ಓದಿದರೆ, ಜೀವನೋಪಾಯ ಕಳೆದುಕೊಂಡ ಹೆಂಗಸರಿಗೆ ಬೇರೆ ದಾರಿಯನ್ನು ತೋರಿಸಿದವರು ಯಾರು ಎಂದು ಕೇಳದೆ ಇರಲಾರರು. ೧೮೮೧ರಲ್ಲಿ ೧೪೪ ಮಂದಿ ಸದಸ್ಯರೊಡನೆ ಆರಂಭವಾದ ಮೈಸೂರು ಪ್ರಜಾಪ್ರತಿನಿಧಿ ಸಭೆಯ ನಡವಳಿಗಳನ್ನು ಓದುವಾಗಲೂ ಇದೇ ನ್ಯಾಯ. ಅಲ್ಲಿ ತಾಲ್ಲೂಕಿನ ಅಹವಾಲು ಕೇಳಿಬರುತ್ತದೆ. ಆ ಅಹವಾಲನ್ನು ತಂದವನು ತಾಲ್ಲೂಕಿನ ಅನುಕೂಲಸ್ಥನೆಂಬುದನ್ನು ಮರೆಯಬಾರದು. ಇಷ್ಟು ವಿವೇಚನೆಯಿಂದ ಓದಿದರೆ ಕಾಗದದ ಮೌನವೂ ಒಂದು ಸಾಕ್ಷ್ಯವಾಗುತ್ತದೆ. ಆದರೆ ಸುಟ್ಟುಹೋದ ಕಾಗದದ ಮೌನದಿಂದ ಯಾವ ಸಾಕ್ಷ್ಯವೂ ಹುಟ್ಟದು.

ಇನ್ನು ಆಕ್ಷೇಪಣೆಗಳನ್ನು ನೋಡೋಣ. ಹಳೆಯ ಕಡತಗಳನ್ನು ತೆರೆದರೆ ಮುಗಿದ ವ್ಯಾಜ್ಯಗಳು ಮತ್ತೆ ತಲೆಯೆತ್ತುವುವು, ಜಾತಿಕಲಹಗಳಿಗೆ ಇಂಬಾಗುವುದು ಎಂದು ಕೆಲವರು ಹೇಳುವುದುಂಟು. ಈ ಭಯವು ನಿರಾಧಾರವಾದುದೆಂದು ನಾವು ಹೇಳುವುದಿಲ್ಲ. ಬೆಂಗಳೂರಿನ ನೆಲದ ಬೆಲೆಯನ್ನು ಬಲ್ಲವರಿಗೆ ಒಂದು ಹಳೆಯ ಚೀಟಿಯು ಎಷ್ಟು ಕೇಡು ಮಾಡಬಲ್ಲುದೆಂಬುದೂ ಗೊತ್ತು. ಆದರೆ ಕಾಗದವನ್ನು ಬೀರುವಿನಲ್ಲಿ ಮುಚ್ಚಿಟ್ಟಿದ್ದರಿಂದ ಖೋಟಾ ದಸ್ತಾವೇಜುಗಳ ವ್ಯಾಪಾರವು ನಿಂತಿತೇ? ಮೂಲವು ಕಾಣೆಯಾದಾಗಲೇ ನಕಲಿಗೆ ಬೆಲೆ ಬರುವುದು. ವ್ಯಕ್ತಿಗಳ ಮಾನಕ್ಕೆ ಸಂಬಂಧಪಟ್ಟ ಕಾಗದಗಳನ್ನು ಇಂತಿಷ್ಟು ವರ್ಷಗಳವರೆಗೆ ತೆರೆಯಬಾರದೆಂದು ನಿಯಮ ಮಾಡಿ, ಅವಧಿ ಮುಗಿದ ಮೇಲೆ ಅಭ್ಯಾಸಿಗಳಿಗೆ ತೋರಿಸುವುದು ನ್ಯಾಯವಾದ ಮಾರ್ಗ.

ಎರಡನೆಯ ವಾದವು ಹೆಚ್ಚು ಆಧುನಿಕವಾದುದು. ಎಲ್ಲವನ್ನೂ ಯಂತ್ರದಿಂದ ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಇಟ್ಟರಾಯಿತು, ಹಳೆಯ ಕಾಗದವೇಕೆ ಎಂಬುದು ಆ ವಾದ. ತಾಲ್ಲೂಕು ಕಚೇರಿಗಳ ದಾಖಲೆ ಕೊಠಡಿಗಳ ಕಾಗದಗಳನ್ನು ಈ ರೀತಿ ಸ್ಕ್ಯಾನ್ ಮಾಡಿಸುವ ಭೂಸುರಕ್ಷಾ ಯೋಜನೆಯನ್ನು ೨೦೨೪ರಲ್ಲಿ ಕಂದಾಯ ಇಲಾಖೆಯವರು ಆರಂಭಿಸಿದುದು ಸಂತೋಷದ ಸಂಗತಿ. ರೈತನು ತನ್ನ ಹಕ್ಕಿನ ಕಾಗದಕ್ಕಾಗಿ ಗುಮಾಸ್ತೆಯ ಮುಂದೆ ಕೈಕಟ್ಟಿ ನಿಲ್ಲುವುದು ಇದರಿಂದ ತಪ್ಪುವುದಾದರೆ ಅದೇ ದೊಡ್ಡ ಪುಣ್ಯ. ಆದರೆ ಈ ಏರ್ಪಾಡಿನ ಉದ್ದೇಶವು ಭೂಮಿಯ ಹಕ್ಕು. ಹಕ್ಕನ್ನು ಹುಡುಕುವವನಿಗೆ ಸರ್ವೆ ನಂಬರು ಸಾಕು. ಚರಿತ್ರೆಯನ್ನು ಹುಡುಕುವವನಿಗೆ ಊರು, ಕಾಲ, ಕಸುಬು, ವಿಷಯ ಇವುಗಳ ಮೇರೆಗೆ ಮಾಡಿದ ಸೂಚಿ ಬೇಕು. ಸೂಚಿಯಿಲ್ಲದ ಕೋಟಿ ಚಿತ್ರಗಳೂ ಬಾಗಿಲು ಹಾಕಿದ ಅಟ್ಟವೂ ಒಂದೇ. ಮೇಲಾಗಿ, ಚಿತ್ರದಲ್ಲಿ ಬಾರದ ಹಾಳೆಯ ಬೆನ್ನಿನ ಷರಾ, ತಿದ್ದಿದ ಅಂಕಿಯ ಕೆಳಗಿನ ಅಂಕಿ, ಮುದ್ರೆಯ ಒತ್ತು, ಇವುಗಳನ್ನು ಪರೀಕ್ಷಿಸಲು ಮೂಲಕಾಗದವೇ ಬೇಕಾಗುತ್ತದೆ.

ಈ ಕಾರಣಗಳಿಂದ ನಾವು ನಾಲ್ಕು ಸೂಚನೆಗಳನ್ನು ಮಾಡಬಯಸುತ್ತೇವೆ. ಮೊದಲನೆಯದಾಗಿ, ಹೊಸ ಐದು ನಗರಪಾಲಿಕೆಗಳ ನಡುವೆ ಕಡತಗಳ ಹಂಚಿಕೆಯು ಪೂರ್ತಿಯಾಗಿ, ಪತ್ರಾಗಾರದವರು ಪಟ್ಟಿಯನ್ನು ನೋಡಿ ಒಪ್ಪುವವರೆಗೆ, ಯಾವ ಹಳೆಯ ಕಾಗದವನ್ನೂ ರದ್ದಿಗೆ ಹಾಕಕೂಡದೆಂದು ಸರಕಾರದವರು ಆಜ್ಞೆ ಮಾಡತಕ್ಕದ್ದು. ಕೇಂದ್ರ ಸರಕಾರದ ಕಚೇರಿಗಳಿಗೆ ಅನ್ವಯಿಸುವ ೧೯೯೩ರ ಸಾರ್ವಜನಿಕ ದಾಖಲೆಗಳ ಕಾನೂನು, ೧೮೯೨ಕ್ಕೆ ಹಿಂದಿನ ಕಾಗದವನ್ನು ಓದಲಾಗದಷ್ಟು ಕೆಟ್ಟಿದ್ದರ ಹೊರತು ನಾಶಮಾಡಬಾರದೆಂದು ವಿಧಿಸಿ, ತಪ್ಪಿದವರಿಗೆ ಐದು ವರ್ಷಗಳವರೆಗೆ ಸೆರೆವಾಸವನ್ನು ಹೇಳಿದೆ. ಅಷ್ಟೇ ಬಿಗಿಯಾದ ಆಚರಣೆಯನ್ನು ನಮ್ಮ ನಗರದ ಕಚೇರಿಗಳಲ್ಲಿಯೂ ಕಾಣಬೇಕು. ಎರಡನೆಯದಾಗಿ, ಬಡಾವಣೆಗಳಾಗಿ ಮಾರ್ಪಟ್ಟ ಪ್ರತಿಯೊಂದು ಹಳ್ಳಿಯ ಭೂಸ್ವಾಧೀನದ ಕಡತಗಳನ್ನು ಹಳ್ಳಿಯ ಹೆಸರಿನಲ್ಲಿಯೇ ಒಟ್ಟುಗೂಡಿಸಿ, ಕನ್ನಡದಲ್ಲಿ ಸೂಚಿಯನ್ನು ಅಚ್ಚುಮಾಡಿಸಬೇಕು. ಮೂರನೆಯದಾಗಿ, ಮೋಡಿಯನ್ನೂ ಶಾನುಭೋಗರ ಕೈಬರಹವನ್ನೂ ಓದಲು ಕಲಿಸುವ ತರಗತಿಗಳನ್ನು ವಿಶ್ವವಿದ್ಯಾನಿಲಯಗಳವರು ನಡೆಸಿ, ಕಲಿತವರಿಗೆ ಪತ್ರಾಗಾರದಲ್ಲಿ ಕೆಲಸ ದೊರಕಿಸಬೇಕು. ನಾಲ್ಕನೆಯದಾಗಿ, ಏಕೀಕರಣಕ್ಕೆ ಮುಂಚೆ ಮುಂಬಯಿ, ಮದರಾಸು, ಹೈದರಾಬಾದುಗಳ ಆಡಳಿತದಲ್ಲಿದ್ದ ಕನ್ನಡ ಜಿಲ್ಲೆಗಳ ಕಾಗದಗಳು ಆ ನಗರಗಳ ಪತ್ರಾಗಾರಗಳಲ್ಲಿ ಇರುವುದರಿಂದ, ಅವುಗಳ ಪ್ರತಿಗಳನ್ನು ತರಿಸುವ ಕಾರ್ಯವನ್ನು ನಿಯತವಾಗಿ ನಡೆಸಬೇಕು. ನಾಡು ಒಂದಾದರೂ ನಾಡಿನ ನೆನಪು ಇನ್ನೂ ನಾಲ್ಕು ಕಡೆ ಹರಿದಿರುವುದು ಶೋಭೆಯಲ್ಲ.

ಸರಕಾರದವರ ಮೇಲೆ ಎಲ್ಲ ಭಾರವನ್ನೂ ಹೊರಿಸಿ ನಾವು ಕೈತೊಳೆದುಕೊಳ್ಳುವುದು ಸರಿಯಲ್ಲ. ಪಾಠಶಾಲೆಯ ದಾಖಲಾತಿ ಪುಸ್ತಕ, ಗೃಹನಿರ್ಮಾಣ ಸಹಕಾರ ಸಂಘದ ನಡವಳಿ, ದೇವಸ್ಥಾನದ ಜೀರ್ಣೋದ್ಧಾರದ ಚಂದಾ ಪಟ್ಟಿ, ಕಾರ್ಖಾನೆಯ ಕಾರ್ಮಿಕ ಸಂಘದ ಕರಪತ್ರ, ಮನೆಯ ಯಜಮಾನರು ಬರೆದಿಟ್ಟ ದಿನಖರ್ಚಿನ ಪುಸ್ತಕ, ಇವೆಲ್ಲ ಚರಿತ್ರೆಯ ಆಕರಗಳೇ. ಯಾವ ವರ್ಷ ಯಾವ ಕೇರಿಯ ಹುಡುಗಿ ಮೊದಲು ಶಾಲೆಗೆ ಸೇರಿದಳು, ಅಕ್ಕಿಯ ಧಾರಣೆ ಎಷ್ಟಿದ್ದಿತು, ಯಾರಿಗೆ ಮನೆ ಬಾಡಿಗೆಗೆ ಕೊಟ್ಟರು, ಯಾರಿಗೆ ಕೊಡಲಿಲ್ಲ ಎಂಬುದನ್ನು ಹೇಳುವ ಬೇರೆ ಗ್ರಂಥವಿಲ್ಲ. ಆಯುಧಪೂಜೆಗೆ ಮುಂಚೆ ಮನೆ ಗುಡಿಸುವ ಸಂಭ್ರಮದಲ್ಲಿ ಇವು ಸೇರಿನ ಲೆಕ್ಕದಲ್ಲಿ ಗುಜರಿಯವನ ಗಾಡಿಗೆ ಹೋಗುವುದನ್ನು ನಾವು ವರ್ಷವರ್ಷವೂ ಕಾಣುತ್ತೇವೆ. ಮಹಾಲಕ್ಷ್ಮಿ ಲೇಔಟಿನಂತಹ ಬಡಾವಣೆಯ ಹಿರಿಯರು ತಮ್ಮ ಹಂಚಿಕೆಯ ಪತ್ರ, ಕ್ರಯಪತ್ರ, ಸಂಘದ ನಡವಳಿಗಳ ಪ್ರತಿಗಳನ್ನು ಬಡಾವಣೆಯ ಗ್ರಂಥಾಲಯದಲ್ಲಿ ಒಂದು ಬೀರುವಿನೊಳಗೆ ಕೂಡಿಟ್ಟರೆ, ಅಲ್ಲಿಯ ಹಳೆಯ ಹಳ್ಳಿಯ ಮನೆತನಗಳವರು ತಮ್ಮ ಕೈಯಲ್ಲಿರುವ ಪಟ್ಟೆ, ರಸೀತಿಗಳ ಪ್ರತಿಗಳನ್ನು ಅದರ ಪಕ್ಕದಲ್ಲಿಟ್ಟರೆ, ನೆಲವನ್ನು ಬಿಟ್ಟವರ ಕಥೆಯೂ ಪಡೆದವರ ಕಥೆಯೂ ಮೊದಲ ಸಲ ಒಂದೇ ಕಡೆ ಸೇರುವುವು. ಅದಕ್ಕೆ ತಗಲುವ ಖರ್ಚು ಒಂದು ಅಣ್ಣಮ್ಮನ ಉತ್ಸವದ ದೀಪಾಲಂಕಾರಕ್ಕಿಂತ ಕಡಮೆ.

ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೆಂಬ ಗಾದೆಯು ನಮ್ಮಲ್ಲಿ ಹಳೆಯದು. ಐದು ಪಾಲಿಕೆಗಳ ಗಾಡಿಗಳು ಕಡತಗಳನ್ನು ಹೇರಿಕೊಂಡು ಹೊರಟಿರುವ ಈ ಸಮಯದಲ್ಲಿ ಬಾಗಿಲ ಬಳಿ ಒಬ್ಬ ಕಾವಲುಗಾರನನ್ನಾದರೂ ನಿಲ್ಲಿಸಬೇಕೆಂದು ಸಂಬಂಧಪಟ್ಟವರನ್ನು ಪ್ರಾರ್ಥಿಸುತ್ತೇವೆ.